ದರಖಾಸ್ತು: ಕಳಸದ ಗುಡ್ಡದಿಂದ ಕಂಡ ಇರಾನ್

ನಮ್ಮಜ್ಜ ತೀರಿಕೊಂಡ ಮೇಲೆ ಅವರ ಕಬ್ಬಿಣದ ಟ್ರಂಕು ನನ್ನ ಪಾಲಿಗೆ ಬಂತು. ಮನೆಯಲ್ಲಿ ಅದು ಯಾರಿಗೂ ಬೇಕಿರಲಿಲ್ಲ. ‘ಹಳೆ ಕಾಗದ ಓದೋದೇ ನಿನ್ನ ಕೆಲಸ ಅಲ್ವಾ, ತಗೊಂಡು ಹೋಗು’ ಎಂದರು ಅಪ್ಪ. ಒಳಗೆ ಇದ್ದದ್ದು ಕಂದಾಯ ಕಟ್ಟಿದ ರಸೀದಿಗಳು, ಕಾಫಿ ಮಾರಿದ ಚೀಟಿಗಳು ಮತ್ತು ಒಂದೇ ಅರ್ಜಿಯ ಹಲವು ನಕಲುಗಳು. ಕಳಸದ ಹತ್ತಿರ ನಮ್ಮ ಮನೆಯ ಹಿಂದಿನ ಒಂದೂವರೆ ಎಕರೆ ಗುಡ್ಡವನ್ನು ಅಜ್ಜ ಕಾಫಿ ತೋಟ ಮಾಡಿದ್ದರು. ಅದು ಬಗರ್ ಹುಕುಂ ಜಾಗ. ಸಕ್ರಮ ಮಾಡಿಕೊಡಿ ಎಂದು ಅವರು ಫಾರಂ 53 ತುಂಬಿಕೊಟ್ಟಿದ್ದರು. ಅದು ಇತ್ಯರ್ಥವಾಗುವ ಮುನ್ನವೇ ಅವರು ಹೋದರು.

ನನ್ನ ಪಿಎಚ್‌.ಡಿ. ವಿಷಯ ಹಳೆಯ ಮೈಸೂರು ಸೀಮೆಯ ಕಂದಾಯ ದಾಖಲೆಗಳ ಭಾಷೆ. ಟ್ರಂಕಿನ ಕಾಗದಗಳನ್ನು ಮೈಸೂರಿನ ರೂಮಿಗೆ ತಂದು ಹರಡಿಕೊಂಡಿದ್ದಾಗ ಪಕ್ಕದ ರೂಮಿನ ಗೆಳತಿ ಬಂದು ಕೂತಳು. ಅವಳು ಇರಾನಿನವಳು, ಆಹಾರ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಇದೇನು ಎಂದು ಕೇಳಿದಳು. ಕನ್ನಡ ಲಿಪಿ ಅವಳಿಗೆ ಓದಲು ಬಾರದು. ನಾನು ಒಂದೊಂದೇ ಪದ ಓದಿ ಹೇಳಿದೆ: ಜಮೀನು, ಖುಷ್ಕಿ, ತರಿ, ಬಾಗಾಯ್ತು, ದರಖಾಸ್ತು. ಅವಳು ನಗಲು ಶುರು ಮಾಡಿದಳು. ‘ಖುಷ್ಕ್ ಅಂದರೆ ಒಣಗಿದ್ದು, ತರ್ ಅಂದರೆ ಒದ್ದೆ, ಬಾಗ್ ಅಂದರೆ ತೋಟ. ದರ್‌ಖಾಸ್ತ್ ಅಂದರೆ ಅರ್ಜಿ. ವೀಸಾ ಕೇಳುವುದಕ್ಕೂ ನಾವು ಅದೇ ಪದ ಹೇಳುವುದು. ನಿಮ್ಮಜ್ಜ ಫಾರ್ಸಿಯಲ್ಲಿ ಅರ್ಜಿ ಹಾಕಿದ್ದಾರೆ!’

ಅಜ್ಜನಿಗೆ ಫಾರ್ಸಿ ಇರಲಿ, ಉರ್ದುವೂ ಬರುತ್ತಿರಲಿಲ್ಲ. ಆದರೆ ಬಿಜಾಪುರದ ಸೇನೆ 1638ರಲ್ಲಿ ಬೆಂಗಳೂರನ್ನು ಹಿಡಿದದ್ದು, 1687ರಲ್ಲಿ ಮೊಗಲರು ಶಿರಾವನ್ನು ಸುಬಾ ಮಾಡಿದ್ದು, ಆಮೇಲೆ ಹೈದರ್ ಮತ್ತು ಟಿಪ್ಪುವಿನ ದಫ್ತರಗಳಲ್ಲಿ ಫಾರ್ಸಿ ನಡೆದದ್ದು, ಇವೆಲ್ಲ ಆ ಅರ್ಜಿಯ ಪದಗಳಲ್ಲಿ ಉಳಿದಿದ್ದವು. ರಾಜ್ಯಗಳು ಹೋದವು, ಗುಮಾಸ್ತರ ಮಾತು ಉಳಿಯಿತು. ನನ್ನ ಪ್ರಬಂಧದ ಒಂದು ಅಧ್ಯಾಯ ಅಂದು ಸಂಜೆ ಹುಟ್ಟಿತು. ಈ ಲೇಖನ ಆ ಅಧ್ಯಾಯದಲ್ಲಿ ಹಿಡಿಸದೆ ಉಳಿದದ್ದು.

ಗೆಳತಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವಳು ಬೇಡ ಎಂದಿದ್ದಾಳೆ. ಕಾರಣ ಮುಂದೆ ತಿಳಿಯುತ್ತದೆ.

*

ಅವಳ ಊರು ಗೀಲಾನ್ ಪ್ರಾಂತದ ಲಾಹೀಜಾನ್. ಇರಾನ್ ಅಂದರೆ ಮರಳುಗಾಡು ಎಂದು ತಿಳಿದಿದ್ದ ನನಗೆ ಅವಳು ಮೊಬೈಲಿನಲ್ಲಿ ತೋರಿಸಿದ ಚಿತ್ರಗಳು ನಂಬಲಾಗಲಿಲ್ಲ. ಕ್ಯಾಸ್ಪಿಯನ್ ಸಮುದ್ರದ ತೆಂಕಣ ದಡ, ಅದರ ಹಿಂದೆ ಗದ್ದೆ, ಗದ್ದೆಯ ಹಿಂದೆ ಚಹಾ ತೋಟದ ಗುಡ್ಡ, ಮೇಲೆ ಕಾಡು, ಕಾಡಿನ ತುಂಬ ಮಂಜು. ಪ್ರಾಂತದ ದೊಡ್ಡ ಊರಾದ ರಶ್ತ್‌ಗೆ ಮಳೆಯ ಊರೆಂದೇ ಹೆಸರು. ಅನ್ನ, ಮೀನು, ಬೆಳ್ಳುಳ್ಳಿ ಅವರ ಊಟ. ಮಲೆನಾಡಿನವಳಿಗೆ ಇನ್ನೇನು ಹೇಳಬೇಕು?

ಆ ಚಹಾ ತೋಟಗಳಿಗೂ ನಮ್ಮ ಕಾಫಿ ತೋಟಗಳಿಗೂ ಒಂದೇ ಬಗೆಯ ಕತೆ ಇದೆ. ಬಾಬಾ ಬುಡನ್ ಅವರು ಯೆಮನ್‌ನ ಮೋಖಾದಿಂದ ಏಳು ಕಾಫಿ ಬೀಜಗಳನ್ನು ಯಾರ ಕಣ್ಣಿಗೂ ಬೀಳದಂತೆ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಚಿಕ್ಕಮಗಳೂರಿನ ಮಕ್ಕಳಿಗೆಲ್ಲ ಗೊತ್ತಿರುವ ಐತಿಹ್ಯ. ಲಾಹೀಜಾನಿನ ಮಕ್ಕಳಿಗೆ ಗೊತ್ತಿರುವುದು ಕಾಶೆಫ್ ಅಲ್‌ ಸಲ್ತನೆಯ ಕತೆ. ಆತ ಭಾರತದಲ್ಲಿ ಇರಾನಿನ ರಾಯಭಾರ ಕಚೇರಿಯ ಅಧಿಕಾರಿಯಾಗಿದ್ದವನು. ಬ್ರಿಟಿಷರು ಚಹಾ ಕೃಷಿಯ ಗುಟ್ಟನ್ನು ಹೊರಗೆ ಬಿಡುತ್ತಿರಲಿಲ್ಲವಾದ್ದರಿಂದ ವೇಷ ಮರೆಸಿಕೊಂಡು ಕೆಲಸ ಕಲಿತು, 1900ರ ಆಸುಪಾಸಿನಲ್ಲಿ ಕಾಂಗ್ಡಾದ ಸಸಿಗಳನ್ನು ಲಾಹೀಜಾನಿಗೆ ಒಯ್ದು ನೆಟ್ಟ. ಇದನ್ನು ಹೇಳಿ ಗೆಳತಿ, ‘ನಿಮಗೆ ಕಾಫಿ ಆ ಕಡೆಯಿಂದ ಬಂತು, ನಮಗೆ ಚಹಾ ಈ ಕಡೆಯಿಂದ ಹೋಯಿತು, ಲೆಕ್ಕ ಚುಕ್ತಾ’ ಎಂದಳು. ಚುಕ್ತಾ ಅಂದದ್ದು ಕನ್ನಡದಲ್ಲೇ. ಮೆಸ್ಸಿನ ಬಿಲ್ಲು ಕಟ್ಟಿ ಕಟ್ಟಿ ಕಲಿತ ಪದ.

ಗೀಲಾನಿನಿಂದ ಕರ್ನಾಟಕಕ್ಕೆ ಬಂದವರಲ್ಲಿ ಅವಳು ಮೊದಲಿನವಳಲ್ಲ. ಹದಿನೈದನೆಯ ಶತಮಾನದಲ್ಲಿ ಅದೇ ಪ್ರಾಂತದಿಂದ ವ್ಯಾಪಾರಿಯಾಗಿ ಹೊರಟ ಮಹಮೂದ್ ಗವಾನ್ ಬೀದರ್ ತಲುಪಿ ಬಹಮನಿ ರಾಜ್ಯದ ಪ್ರಧಾನಿಯಾದ. 1472ರಲ್ಲಿ ಅವನು ಕಟ್ಟಿಸಿದ ಮದರಸಾ ಬೀದರಿನಲ್ಲಿ ಇವತ್ತಿಗೂ ಅರ್ಧ ನಿಂತಿದೆ. ಗೋಡೆಯ ಬಣ್ಣದ ಹೆಂಚುಗಳ ಕೆಲಸ ನೇರವಾಗಿ ಇರಾನಿನದು. ಆಗ ಬಹಮನಿ ಆಸ್ಥಾನದಲ್ಲಿ ಎರಡು ಬಣ. ಕಡಲಾಚೆಯಿಂದ ಬಂದವರು ಆಫಾಕಿಗಳು, ಇಲ್ಲಿಯೇ ಬೇರು ಬಿಟ್ಟವರು ದಖನಿಗಳು. ಗವಾನ್ ಎರಡೂ ಬಣಕ್ಕೆ ಹುದ್ದೆಗಳನ್ನು ಹಂಚಿ ಸಮತೂಕ ಕಾಯಲು ನೋಡಿದ. ಕೊನೆಗೆ ಅವನ ಮುದ್ರೆಯಿದ್ದ ಒಂದು ಖೋಟಾ ಪತ್ರವನ್ನು ಸುಲ್ತಾನನಿಗೆ ತೋರಿಸಿ ದ್ರೋಹಿ ಎಂದರು. 1481ರಲ್ಲಿ ಅವನ ತಲೆ ಹೋಯಿತು. ಎರಡು ದಶಕಗಳಿಗೂ ಮೀರಿ ಒಂದು ನಾಡನ್ನು ನಡೆಸಿದವನನ್ನು ಕೊಲ್ಲಲು ‘ಹೊರಗಿನವನು’ ಎಂಬ ಗುಮಾನಿ ಸಾಕಾಯಿತು. ಅವನು ಬರೆದ ಪತ್ರಗಳ ಸಂಗ್ರಹವೊಂದು ಉಳಿದಿದೆ. ಅದರಲ್ಲಿ ರಾಜಕಾರಣ ಬಹಳ ಇದೆ, ಗೀಲಾನಿನ ನೆನಪೂ ಇದೆ.

ಇನ್ನೂ ಮೂವತ್ತು ವರ್ಷ ಹಿಂದೆ ಹೋದರೆ, 1443ರಲ್ಲಿ, ಹೆರಾತಿನ ದೊರೆ ಶಾರುಖನ ರಾಯಭಾರಿ ಅಬ್ದುರ್ ರಜಾಕ್ ಮಂಗಳೂರಿನಿಂದ ಘಟ್ಟ ಹತ್ತಿ, ಬಿದರೂರು ದಾಟಿ ವಿಜಯನಗರಕ್ಕೆ ಹೋದ. ಅವನೂ ಫಾರ್ಸಿಯಲ್ಲಿ ಬರೆದ. ಇವರೆಲ್ಲರಿಗೂ ಈ ನಾಡಿನ ಬಾಗಿಲು ತೆರೆದದ್ದು ಬಹುಪಾಲು ಕುದುರೆ. ನಮ್ಮಲ್ಲಿ ಒಳ್ಳೆಯ ಕುದುರೆ ಹುಟ್ಟುತ್ತಿರಲಿಲ್ಲ. ಹೊರ್ಮುಜ್ ಬಂದರಿನಿಂದ ಹಡಗಿನಲ್ಲಿ ಬರಬೇಕಿತ್ತು. ಕುದುರೆಯ ಜೊತೆ ಅದನ್ನು ಬಲ್ಲ ಮನುಷ್ಯರೂ ಬಂದರು.

ಆ ಸಾಲಿನ ಕೊನೆಯವರಲ್ಲಿ ಒಬ್ಬರು ಶೀರಾಜಿನ ಆಗಾ ಅಲಿ ಅಸ್ಕರ್. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕುದುರೆಗಳೊಂದಿಗೆ ಬೆಂಗಳೂರಿಗೆ ಬಂದು, ಮೈಸೂರು ಅರಮನೆಗೂ ಬ್ರಿಟಿಷರಿಗೂ ಮಾರಿ, ಕಮಿಷನರ್ ಮಾರ್ಕ್ ಕಬ್ಬನ್ನರ ಸ್ನೇಹ ಗಳಿಸಿ, ದಂಡಿನಲ್ಲಿ ಬಂಗಲೆಗಳನ್ನು ಕಟ್ಟಿಸಿದರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಅವರ ಹೆಸರಿನದು. 1883ರಲ್ಲಿ ಹುಟ್ಟಿದ ಅವರ ಮೊಮ್ಮಗ ಮಿರ್ಜಾ ಇಸ್ಮಾಯಿಲ್, ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಓದಿ, 1926ರಿಂದ 1941ರವರೆಗೆ ಮೈಸೂರಿನ ದಿವಾನರಾದರು. ಬೃಂದಾವನ ಉದ್ಯಾನ ಅವರ ಕನಸು ಎಂದು ಎಲ್ಲರಿಗೂ ಗೊತ್ತು. ನಮ್ಮ ಜಿಲ್ಲೆಯ ಕೆಮ್ಮಣ್ಣುಗುಂಡಿಯ ಅದಿರಿನಿಂದ ನಡೆಯುತ್ತಿದ್ದ ಭದ್ರಾವತಿ ಕಾರ್ಖಾನೆಯಲ್ಲಿ ಉಕ್ಕು ತಯಾರಾಗತೊಡಗಿದ್ದೂ ಅವರ ಕಾಲದಲ್ಲೇ. ಶೀರಾಜಿನಿಂದ ಬಂದ ಮನೆತನ ಎರಡೇ ತಲೆಮಾರಿನಲ್ಲಿ ಮೈಸೂರಿನದಾಯಿತು.

ಇರಾನಿನ ವಲಸೆಯ ಬಗ್ಗೆ ನಮ್ಮಲ್ಲಿ ಬರೆದದ್ದೆಲ್ಲ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ: ಒಬ್ಬ ಮಂತ್ರಿ, ಒಬ್ಬ ದಿವಾನ, ಒಂದು ಮದರಸಾ. ಗೆದ್ದವರ ವಲಸೆ ಇತಿಹಾಸವಾಗುತ್ತದೆ. ಬಾಡಿಗೆ ರೂಮಿನಲ್ಲಿ ಕೂತು ಅರ್ಜಿ ತುಂಬುವವರದು ಆಗುವುದಿಲ್ಲ.

*

ಗೆಳತಿಯ ದಿನಚರಿ ಹೀಗಿತ್ತು. ಬೆಳಿಗ್ಗೆ ಹಾಲಿಲ್ಲದ ಚಹಾ. ಸಕ್ಕರೆಯನ್ನು ಲೋಟಕ್ಕೆ ಹಾಕುವುದಿಲ್ಲ, ಗಟ್ಟಿ ತುಂಡನ್ನು ಹಲ್ಲಿನ ನಡುವೆ ಇಟ್ಟುಕೊಂಡು ಹೀರುವುದು. ಮಾನಸಗಂಗೋತ್ರಿಯಲ್ಲಿ ಹಗಲಿಡೀ ಪ್ರಯೋಗಾಲಯ. ಸಂಜೆ ದುಡ್ಡಿನ ಲೆಕ್ಕ. 2018ರಲ್ಲಿ ಅಮೆರಿಕ ಮತ್ತೆ ನಿರ್ಬಂಧ ಹೇರಿದ ಮೇಲೆ ಇರಾನಿನ ರಿಯಾಲ್ ಕುಸಿಯುತ್ತಲೇ ಹೋಯಿತು. ಅಲ್ಲಿಯ ಬ್ಯಾಂಕ್ ಕಾರ್ಡು ಇಲ್ಲಿ ನಡೆಯದು, ಅಲ್ಲಿಂದ ಇಲ್ಲಿಗೆ ನೇರವಾಗಿ ದುಡ್ಡು ಕಳಿಸಲಾಗದು. ಊರಿಂದ ಯಾರಾದರೂ ಬರುವಾಗ ನೋಟು ತರಬೇಕು. ರೂಮಿನ ಬಾಡಿಗೆ ರೂಪಾಯಿಯಲ್ಲಿ ಅಷ್ಟೇ ಇದ್ದರೂ ಅವಳಪ್ಪನ ಸಂಬಳದ ಲೆಕ್ಕದಲ್ಲಿ ತಿಂಗಳು ತಿಂಗಳೂ ಏರುತ್ತಿತ್ತು. ಅಪ್ಪ ಶಾಲೆಯ ಮೇಷ್ಟರು. ‘ನಮ್ಮಪ್ಪ ಪ್ರತಿ ತಿಂಗಳೂ ಬಡವರಾಗುತ್ತಾರೆ, ಏನೂ ಮಾಡದೆಯೇ’ ಎನ್ನುತ್ತಿದ್ದಳು.

2022 ಅವಳಿಗೆ ವಿಚಿತ್ರ ವರ್ಷ. ಫೆಬ್ರವರಿಯಲ್ಲಿ ಉಡುಪಿಯಿಂದ ಎದ್ದ ಹಿಜಾಬ್ ವಿವಾದ ರಾಜ್ಯವನ್ನೆಲ್ಲ ಹಬ್ಬಿತು. ಮಾರ್ಚ್ 15ರಂದು ಹೈಕೋರ್ಟ್ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಸೆಪ್ಟೆಂಬರ್ 16ರಂದು ತೆಹರಾನಿನಲ್ಲಿ ಹಿಜಾಬ್ ಸರಿಯಾಗಿಲ್ಲವೆಂದು ಬಂಧನಕ್ಕೊಳಗಾಗಿದ್ದ ಮಹ್ಸಾ ಅಮೀನಿ ಪ್ರಾಣ ಬಿಟ್ಟಳು. ಅವಳಿಗೆ ಇಪ್ಪತ್ತೆರಡು ವರ್ಷ. ಇರಾನ್ ಹೊತ್ತಿಕೊಂಡಿತು. ಹೆಣ್ಣು, ಬದುಕು, ಬಿಡುಗಡೆ ಎಂದು ಜನ ಬೀದಿಯಲ್ಲಿ ಕೂಗಿದರು. ಜನ್, ಜೆಂದೆಗಿ, ಆಜಾದಿ: ಜನಾನಾ, ಜಿಂದಗಿ, ಆಜಾದಿ ಎಂದು ಬಲ್ಲ ನಮ್ಮ ಕಿವಿಗೆ ಆ ಮೂರೂ ಪದ ಹೊಸದಲ್ಲ.

ಮೈಸೂರಿನಲ್ಲಿ ಅವಳು ತಲೆಗೆ ಬಟ್ಟೆ ಹಾಕುತ್ತಿರಲಿಲ್ಲ. ಆ ವರ್ಷ ಎಲ್ಲರೂ ಅವಳ ಅಭಿಪ್ರಾಯ ಕೇಳಿದರು. ಕೆಲವರಿಗೆ ಅವಳು ತಮ್ಮ ವಾದಕ್ಕೆ ಸಾಕ್ಷಿಯಾಗಬೇಕಿತ್ತು: ‘ನೋಡಿ, ಇರಾನಿನವರೇ ಬೇಡ ಅಂತಿದ್ದಾರೆ.’ ಇನ್ನು ಕೆಲವರಿಗೆ ಅವಳು ಧರ್ಮಭ್ರಷ್ಟೆ. ಅವಳು ನನ್ನೊಬ್ಬಳ ಹತ್ತಿರ ಹೇಳಿದ ಮಾತು ಇದು: ‘ಅಲ್ಲಿ ಹಾಕು ಅಂತಾರೆ, ಇಲ್ಲಿ ತೆಗಿ ಅಂತಾರೆ. ಹಾಕುವವಳನ್ನು ಎರಡೂ ಕಡೆ ಕೇಳಲಿಲ್ಲ.’ ಬೆಂಗಳೂರಿನಲ್ಲಿ ಇರಾನಿ ವಿದ್ಯಾರ್ಥಿಗಳು ಸೇರಬೇಕೆಂಬ ಮಾತು ಬಂದಾಗ ಅವಳು ಮೂರು ದಿನ ಯೋಚಿಸಿದಳು. ಸೇರಿದವರ ಫೋಟೋ ಊರಿಗೆ ತಲುಪಿದರೆ ಅಪ್ಪನ ನೌಕರಿಗೆ ಸಂಚಕಾರ ಎಂಬ ಅಂಜಿಕೆ. ಕೊನೆಗೆ ಹೋಗಲಿಲ್ಲ. ಹೋಗಲಿಲ್ಲವೆಂಬ ನೋವು ಬಹಳ ಕಾಲ ಉಳಿಯಿತು. ಪರದೇಶದಲ್ಲಿದ್ದವರ ರಾಜಕೀಯ ಎಂದರೆ ನಮಗೆ ಮೆರವಣಿಗೆಯ ಚಿತ್ರ ಕಾಣುತ್ತದೆ. ಅದರಲ್ಲಿ ಮುಖ ಕಾಣಿಸಿಕೊಳ್ಳದೆ ರೂಮಿನಲ್ಲಿ ಕೂತವರೂ ರಾಜಕೀಯವನ್ನೇ ಬದುಕುತ್ತಿರುತ್ತಾರೆ. ಅವಳ ಹೆಸರು ಇಲ್ಲಿ ಇಲ್ಲದಿರುವುದಕ್ಕೆ ಇದೇ ಕಾರಣ.

*

2023ರ ಮಾರ್ಚಿನಲ್ಲಿ ಅವಳನ್ನು ಕಳಸಕ್ಕೆ ಕರೆದುಕೊಂಡು ಹೋದೆ. ಆ ವರ್ಷ ಅವರ ನವ್ರೋಜ್ ಮತ್ತು ನಮ್ಮ ಯುಗಾದಿ ಹತ್ತಿರ ಹತ್ತಿರ ಬಿದ್ದಿದ್ದವು. ಹೂಮಳೆ ಬಿದ್ದು ವಾರವಾಗಿತ್ತು. ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟು, ಬಸ್ಸಿಳಿಯುವಾಗಲೇ ವಾಸನೆ.

ನವ್ರೋಜ್ ನಡುರಾತ್ರಿಗೋ ಬೆಳಗಿಗೋ ಶುರುವಾಗುವುದಿಲ್ಲ. ಸೂರ್ಯ ವಿಷುವ ದಾಟುವ ಗಳಿಗೆಗೆ ಹೊಸ ವರ್ಷ. ಆ ಸಲ ಅದು ನಮ್ಮ ಗಡಿಯಾರದಲ್ಲಿ ಮಾರ್ಚ್ 21ರ ನಸುಕಿನ 2 ಗಂಟೆ 54 ನಿಮಿಷ. ಸಕಾರದಿಂದ ಶುರುವಾಗುವ ಏಳು ವಸ್ತುಗಳನ್ನು ಇಡಬೇಕು: ಸೇಬು, ಬೆಳ್ಳುಳ್ಳಿ, ಮೊಳಕೆ, ವಿನೆಗರ್ ಹೀಗೆ. ಅವರ ಮಾತಿನಲ್ಲಿ ಬೆಳ್ಳುಳ್ಳಿ ‘ಸೀರ್’, ಸೇಬು ‘ಸೀಬ್’. ಮನೆಯಲ್ಲಿ ಸಿಕ್ಕಷ್ಟನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಇಟ್ಟಳು. ಸದ್ದಿಗೆ ಅಜ್ಜಿ ಎದ್ದು ಬಂದರು. ನಾನು ವಿವರಿಸಿದೆ. ಅಜ್ಜಿ ವಿನೆಗರ್ ಬಾಟಲಿ ಮೂಸಿ ನೋಡಿ, ‘ಹುಳಿನೂ ಇಡ್ತಾರಾ? ನಮ್ದೂ ಅಷ್ಟೇ ಮಗ, ನಾಳಿದ್ದು ಬೇವು ಕೊಡ್ತೀನಿ ಅವಳಿಗೆ, ತಿನ್ಲಿ’ ಎಂದು ದೀಪ ಹಚ್ಚಿ ಹೋದರು. ಲಾಹೀಜಾನಿಗೆ ವೀಡಿಯೋ ಕರೆ ಹೋಗುವುದು, ಕಡಿಯುವುದು, ಹೋಗುವುದು. ತೋಟದ ಬೇಲಿಯ ಹತ್ತಿರ ನಿಂತರೆ ಮಾತ್ರ ಸಿಗ್ನಲ್. ಕಾಫಿ ಹೂವಿನ ನಡುವೆ ನಿಂತು ಅವಳು ಅಮ್ಮನ ಜೊತೆ ಅತ್ತಳು.

ಮಾರನೆಯ ದಿನ ಅಡಿಗೆ ಅವಳದು. ಅನ್ನವನ್ನು ಬೇಕೆಂದೇ ತಳ ಹಿಡಿಸಿ, ಕೆಂಪಗೆ ಗರಿಗರಿಯಾದ ಆ ತಳವನ್ನು ಮೇಲು ಮಾಡಿ ತಟ್ಟೆಗೆ ಬೋರಲು ಹಾಕಿದಳು. ಅದಕ್ಕೆ ತಹ್‌ದಿಗ್ ಎಂದು ಹೆಸರು, ಅಂದರೆ ಪಾತ್ರೆಯ ತಳ. ಅಜ್ಜಿ ಬೆರಗಾದರು. ‘ಅನ್ನ ತಳ ಹಿಡಿಸಿದ್ರೆ ನಮ್ಮತ್ತೆ ಕೈಲಿ ಬೈಸ್ಕೋತಿದ್ದೆ. ನಿಮ್ಮೂರಲ್ಲಿ ಅದನ್ನ ನೆಂಟ್ರಿಗೆ ಬಡಿಸ್ತಾರೇನೇ?’ ಸುಟ್ಟ ಬದನೆಕಾಯಿಗೆ ಬೆಳ್ಳುಳ್ಳಿ ಹಾಕಿದ ಗೀಲಾನಿನ ಗೊಜ್ಜನ್ನು ಮಾತ್ರ ಯಾರೂ ಪರದೇಶದ್ದು ಎನ್ನಲಿಲ್ಲ.

ಊಟದ ಮೇಲೆ ಅಜ್ಜಿ ಕೇಳಿದರು: ‘ಇವಳ ಊರು ಇರಾನ್ ಅಂದ್ಯಲ್ಲ, ಕುದುರೆಮುಖಕ್ಕೆ ದುಡ್ಡು ಕೊಟ್ಟಿದ್ದು ಅವ್ರ ರಾಜನೇ ಅಲ್ವಾ?’

*

ಹೌದು. ಗೆಳತಿಗೆ ಇದು ಗೊತ್ತಿರಲಿಲ್ಲ. ಕಳಸದವಳಾದ ನನಗೂ ತಾರೀಕುಗಳು ಗೊತ್ತಿದ್ದವೇ ಹೊರತು ಅದು ಒಬ್ಬರ ಮನೆಯ ಕತೆ ಎನಿಸಿರಲಿಲ್ಲ.

1973-74ರಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಇರಾನಿನ ಷಾ ಮೊಹಮ್ಮದ್ ರೆಜಾ ಪಹ್ಲವಿಯ ಬೊಕ್ಕಸ ತುಂಬಿತು. ದೊಡ್ಡ ಉಕ್ಕಿನ ಕಾರ್ಖಾನೆಗಳ ಯೋಜನೆ ಸಿದ್ಧವಾಯಿತು. ಅದಕ್ಕೆ ಅದಿರು ಬೇಕು. ಭಾರತಕ್ಕೆ ತೈಲದ ಬಿಲ್ಲು ಕಟ್ಟಲು ವಿದೇಶಿ ವಿನಿಮಯ ಬೇಕು. 1975ರ ನವೆಂಬರಿನಲ್ಲಿ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡವು: ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ಕುದುರೆಮುಖದ ಗುಡ್ಡದಿಂದ 21 ವರ್ಷಗಳಲ್ಲಿ 15 ಕೋಟಿ ಟನ್ ಸಂಸ್ಕರಿಸಿದ ಅದಿರು ಇರಾನಿಗೆ ಹೋಗುವುದು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪೆನಿ ನೋಂದಣಿಯಾಯಿತು. ಭದ್ರೆ ಹುಟ್ಟಿ ಹರಿಯುವ ಕಣಿವೆಯಲ್ಲಿ, ಮಲ್ಲೇಶ್ವರ ಎಂಬ ಹಳ್ಳಿಯಿದ್ದ ಕಡೆ, ಟೌನ್‌ಶಿಪ್ ಎದ್ದಿತು. ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿ ಅದಿರು ತೊಳೆದ ಕೆಸರನ್ನು ಅಲ್ಲಿ ನಿಲ್ಲಿಸಿದರು. ಪುಡಿ ಮಾಡಿದ ಅದಿರನ್ನು ನೀರಿನೊಡನೆ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಇಳಿಸಿದರು.

ಗಣಿ ಸಿದ್ಧವಾಗುವ ಹೊತ್ತಿಗೆ ಗಿರಾಕಿ ಇರಲಿಲ್ಲ. 1979ರ ಜನವರಿ 16ರಂದು ಷಾ ದೇಶ ಬಿಟ್ಟ. ಫೆಬ್ರವರಿ 1ರಂದು ಖೊಮೇನಿ ಬಂದಿಳಿದರು. ಸಾಲದ ಕಂತು ಅರ್ಧ ದಾರಿಯಲ್ಲಿ ನಿಂತಿತು. ಉಳಿದ ಹಣವನ್ನು ಭಾರತ ಸರ್ಕಾರವೇ ಹಾಕಿ 1980ರಲ್ಲಿ ಯೋಜನೆ ಮುಗಿಸಿತು. ಇರಾನಿಗೆಂದು ಕಟ್ಟಿದ ಗಣಿ ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಬೇಕಾಯಿತು. 1987ರಲ್ಲಿ ಮಂಗಳೂರಿನಲ್ಲಿ ಅದಿರಿನ ಉಂಡೆ ಕಟ್ಟುವ ಘಟಕ ಬಂತು. ಅದೇ ವರ್ಷ ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಗಣಿ ಮತ್ತು ಕಾಡು ಒಂದೇ ಗುಡ್ಡದಲ್ಲಿ ಹದಿನೆಂಟು ವರ್ಷ ಜಗಳವಾಡಿದವು. ಸಿಂಗಳೀಕ, ಶೋಲಾ ಕಾಡು, ಭದ್ರೆಯ ಹೂಳು, ಎಲ್ಲ ಕೋರ್ಟಿನ ಕಡತಕ್ಕೆ ಹೋದವು. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ನಮ್ಮ ಚಿಕ್ಕಪ್ಪ ಅಲ್ಲಿ ಗುತ್ತಿಗೆದಾರರೊಬ್ಬರ ಲಾರಿ ಓಡಿಸುತ್ತಿದ್ದರು. ಆಮೇಲೆ ಮಂಗಳೂರಿಗೆ ಹೋದರು. ಅಜ್ಜ ಟೌನ್‌ಶಿಪ್ಪಿನ ಸಂತೆಗೆ ಬಾಳೆಗೊನೆ ಒಯ್ಯುತ್ತಿದ್ದರು. ಆ ದುಡ್ಡಿನಲ್ಲೇ ಮನೆ ಹಿಂದಿನ ಗುಡ್ಡಕ್ಕೆ ಕಾಫಿ ಗಿಡ ಹಾಕಿದ್ದು. ಅಂದರೆ ಇರಾನಿನ ತೈಲದ ದುಡ್ಡಿನ ಒಂದು ಹನಿ ನಮ್ಮ ತೋಟದ ಬೇರಿನಲ್ಲೂ ಇದೆ.

ಗೆಳತಿಯನ್ನು ಸಂಸೆ ದಾರಿಯಾಗಿ ಕುದುರೆಮುಖಕ್ಕೆ ಕರೆದೊಯ್ದೆ. ರಸ್ತೆಯಿಂದಲೇ ಖಾಲಿ ಮನೆಗಳ ಸಾಲು ಕಾಣುತ್ತದೆ. ಗಣಿ ಮಾಡಿದ ಗುಡ್ಡದ ಮೆಟ್ಟಿಲುಗಳ ಮೇಲೆ ಹುಲ್ಲು ಹಬ್ಬಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನಮ್ಮ ತೈಲ ಇಲ್ಲಿ ಬಂದು ಮಣ್ಣಾಯಿತು’ ಎಂದಳು. ಅವಳಪ್ಪ 1979ರಲ್ಲಿ ಹೈಸ್ಕೂಲು ಹುಡುಗ. ಬೀದಿಗಿಳಿದು ಘೋಷಣೆ ಕೂಗಿದವರಲ್ಲಿ ಒಬ್ಬ. ಇನ್ನು ಮುಂದೆ ತೈಲದ ದುಡ್ಡು ಜನರ ಮನೆಗೆ ಬರುತ್ತದೆ ಎಂದು ಆ ಹುಡುಗರು ನಂಬಿದ್ದರಂತೆ. ‘ಅಪ್ಪ ಈಗ ಆ ಮಾತು ಎತ್ತುವುದಿಲ್ಲ. ನಾನು 2022ರಲ್ಲಿ ಕೇಳಿದೆ, ನೀನೇ ತಂದ ಸರ್ಕಾರ ಅಲ್ಲವಾ ಅಂತ. ಫೋನ್ ಇಟ್ಟುಬಿಟ್ಟರು. ಕೇಳಬಾರದಿತ್ತು.’

ಇತಿಹಾಸದ ವಿದ್ಯಾರ್ಥಿಯಾಗಿ ನಾನು ಕ್ರಾಂತಿಯ ಕಾರಣ ಮತ್ತು ಪರಿಣಾಮಗಳ ಪಟ್ಟಿಯನ್ನು ಪರೀಕ್ಷೆಗೆ ಬರೆದಿದ್ದೇನೆ. ತೆಹರಾನಿನ ಬೀದಿಯಲ್ಲಿ ಕೂಗಿದ ಘೋಷಣೆಯೊಂದು ಭದ್ರೆಯ ಮೂಲದ ಕಣಿವೆಯಲ್ಲಿ ಗಿರಾಕಿಯಿಲ್ಲದ ಗಣಿಯಾಗಿ, ಲಾಹೀಜಾನಿನ ಮನೆಯಲ್ಲಿ ಅಪ್ಪ ಮಗಳ ನಡುವಿನ ಮೌನವಾಗಿ ಉಳಿದದ್ದು ಆ ಪಟ್ಟಿಯಲ್ಲಿ ಇರಲಿಲ್ಲ.

*

2024ರಲ್ಲಿ ಅವಳ ಪ್ರಬಂಧ ಮುಗಿಯಿತು. ಯುರೋಪಿನ ಎರಡು ಕಡೆ ದರಖಾಸ್ತು ಹಾಕಿದ್ದಳು. ಎರಡೂ ಕಡೆ ವೀಸಾ ಸಿಗಲಿಲ್ಲ. ಇಲ್ಲಿಯ ವೀಸಾದ ಅವಧಿಯೂ ಮುಗಿಯುತ್ತ ಬಂದಿತ್ತು. ಊರಿಗೆ ಹೋದಳು. ಹೋಗುವಾಗ ಅಜ್ಜಿ ಅರ್ಧ ಕೆಜಿ ಕಾಫಿಪುಡಿ ಕೊಟ್ಟು, ‘ಚಿಕೋರಿ ಹಾಕಿಲ್ಲ ಅಂತ ಹೇಳು ನಿಮ್ಮಮ್ಮಂಗೆ’ ಎಂದರು.

2025ರ ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಶುರು ಮಾಡಿತು. ಯುದ್ಧ ಹನ್ನೆರಡು ದಿನ ನಡೆಯಿತು. ನಡುವೆ ಇರಾನಿನಲ್ಲಿ ಇಂಟರ್‌ನೆಟ್ ಕಡಿದುಹೋಯಿತು. ತೆಹರಾನಿನಿಂದ ಜನ ಕಾರುಗಳಲ್ಲಿ ಉತ್ತರಕ್ಕೆ, ಕ್ಯಾಸ್ಪಿಯನ್ ದಡದ ಊರುಗಳಿಗೆ ಓಡುತ್ತಿದ್ದಾರೆಂದು ಸುದ್ದಿಯಲ್ಲಿ ನೋಡಿದೆ. ನಾನಾಗ ಕಳಸದಲ್ಲಿದ್ದೆ. ಮಳೆಗಾಲ, ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ನಾನು ಕಳಿಸಿದ ಮೆಸೇಜಿಗೆ ಒಂದೇ ಗೆರೆ. ಅದು ಅವಳ ಕಡೆಯ ತೊಂದರೆಯೋ ನಮ್ಮ ಕಡೆಯದೋ ಎಂದು ತಿಳಿಯುವ ದಾರಿಯೂ ಇರಲಿಲ್ಲ. ಕೊಡೆ ಹಿಡಿದು ದಿನಕ್ಕೆ ನಾಲ್ಕು ಸಲ ಬೇಲಿಯ ಹತ್ತಿರ ಹೋಗಿ ಬರುತ್ತಿದ್ದೆ. ಅಜ್ಜಿ ಪ್ರತಿ ಸಲವೂ, ‘ಆ ಹುಡುಗಿ ಮಾತಾಡಿದ್ಲಾ?’ ಎನ್ನುವರು.

ತಿಂಗಳ ಕೊನೆಗೆ ಅವಳ ದನಿ ಬಂತು. ಎಲ್ಲರೂ ಚೆನ್ನಾಗಿದ್ದಾರೆ. ತೆಹರಾನಿನ ಹದಿನಾಲ್ಕು ಜನ ನೆಂಟರು ಎರಡು ವಾರ ಇವರ ಮನೆಯಲ್ಲೇ ಇದ್ದರು, ಮಲಗಲು ಜಾಗವಿಲ್ಲದೆ ಅಪ್ಪ ಮಗಳು ರಾತ್ರಿಯೆಲ್ಲ ಅಡಿಗೆಮನೆಯಲ್ಲಿ ಕೂತು ಮಾತಾಡಿದರು. 1979ರದ್ದನ್ನೂ ಮಾತಾಡಿದರು. ಚಹಾಪುಡಿ ಮುಗಿದು, ಕೊನೆಗೆ ಕಳಸದ ಕಾಫಿ ಪೊಟ್ಟಣ ಒಡೆದರು.

ಅಜ್ಜಿಗೆ ಕೇಳಿಸಿದೆ. ಅರ್ಥ ಹೇಳಿದೆ. ‘ಹದಿನಾಲ್ಕು ಜನಕ್ಕೆ ಅರ್ಧ ಕೆಜಿ ಎಲ್ಲಿ ಸಾಕಾಗುತ್ತೆ’ ಎಂದು ಅಜ್ಜಿ ಎದ್ದು, ಒಲೆಯ ಮೇಲಿನ ಬೀಜ ಹುರಿಯುವ ಬಾಣಲೆಯನ್ನು ಕೆಳಗಿಳಿಸಿ ಒರೆಸತೊಡಗಿದರು. ಲಾಹೀಜಾನಿಗೆ ಪಾರ್ಸೆಲ್ ಹೋಗುವುದಿಲ್ಲ ಅಜ್ಜಿ ಎಂದು ನಾನು ಹೇಳಲಿಲ್ಲ.